ಗಂಟಲಿನ ನೋವು, ಹೃದಯದ ಗಾಯ

ಮಲೆನಾಡಿನ ಮಳೆಗಾಲವೆಂದರೆ ನನಗೆ ಗೋಣಿಬೀಡಿನ ನಮ್ಮ ಮನೆಯ ಒಲೆಯ ಬದಿ ನೆನಪಾಗುತ್ತದೆ. ಅಲ್ಲಿ ಕಂಬಳಿ ಹೊದ್ದು ಮಲಗಿದ್ದ ನನ್ನ ತಂಗಿ ನೆನಪಾಗುತ್ತಾಳೆ. ಅದು 1973ನೆಯ ಇಸವಿ. ಅವಳಿಗೆ ಆಗ ಒಂಬತ್ತು ವರ್ಷ. ಗಂಟಲುನೋವು ಬಂದು ತಾನಾಗಿ ವಾಸಿಯಾಗಿತ್ತು. ಮೂರು ವಾರ ಕಳೆದ ಮೇಲೆ ಜ್ವರ ಬಂದಿತು. ಇಂದು ಮೊಣಕಾಲು ಊದಿದರೆ ನಾಳೆ ಅದು ಇಳಿದು ಮೊಣಕೈ ಊದುತ್ತಿತ್ತು. ಮಳೆಯಲ್ಲಿ ನೆನೆದು ವಾತ ಹಿಡಿಯಿತೆಂದು ಹಿರಿಯರು ಎಣ್ಣೆ ತಿಕ್ಕಿದರು. ವೈದ್ಯರು ಅದನ್ನು ರುಮ್ಯಾಟಿಕ್ ಜ್ವರವೆಂದರು.

5ರಿಂದ 15 ವರ್ಷದ ಮಕ್ಕಳನ್ನು ಹೆಚ್ಚಾಗಿ ಕಾಡುವ ಈ ಬೇನೆಗೆ ಮಳೆಯ ನೀರು ಕಾರಣವಲ್ಲ. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನ ಒಂದು ಬಗೆ ಗಂಟಲನ್ನು ಹಿಡಿಯುತ್ತದೆ. ಬಾಗಿಲು ಮುಚ್ಚಿದ ಒಂದೇ ಕೋಣೆಯಲ್ಲಿ ಏಳೆಂಟು ಮಂದಿ ಮಲಗುವಲ್ಲಿ, ತೋಟದ ಲೈನುಮನೆಗಳಲ್ಲಿ, ಕೆಮ್ಮಿನೊಡನೆ ಅದು ಸುಲಭವಾಗಿ ಹರಡುತ್ತದೆ. ಬಡತನದ ಇಕ್ಕಟ್ಟೇ ಅದರ ಹೊಲ.

ಆದರೆ ಹೃದಯವನ್ನು ಗಾಯಗೊಳಿಸುವುದು ಆ ಸೂಕ್ಷ್ಮಾಣುವಲ್ಲ. ನಮ್ಮ ದೇಹದ ರಕ್ಷಣಾ ಪಡೆಯೇ. ರಾತ್ರಿಯ ಕತ್ತಲಲ್ಲಿ ಪಾಂಡವರೆಂದು ಬಗೆದು ಎಳೆಯ ಉಪಪಾಂಡವರ ತಲೆ ಕಡಿದ ಅಶ್ವತ್ಥಾಮನ ಕಥೆಯನ್ನು ತಾವೆಲ್ಲ ಬಲ್ಲಿರಿ. ಇಲ್ಲಿ ನಡೆಯುವುದೂ ಅಂಥದೇ ಪ್ರಮಾದ. ಸೂಕ್ಷ್ಮಾಣುವಿನ ಮೈಮೇಲಿರುವ ‘ಎಂ’ ಎಂಬ ಪ್ರೋಟೀನಿಗೂ ಹೃದಯದ ಸ್ನಾಯುವಿನಲ್ಲಿರುವ ಮಯೊಸಿನ್ ಎಂಬ ಪ್ರೋಟೀನಿಗೂ ರಚನೆಯಲ್ಲಿ ಹೋಲಿಕೆಯುಂಟು. ಹಗೆಯನ್ನು ಕೊಲ್ಲಲೆಂದು ಹುಟ್ಟಿದ ಪ್ರತಿಕಾಯಗಳೂ ಬಿಳಿಯ ರಕ್ತಕಣಗಳೂ ಕೆಲವು ಮಕ್ಕಳಲ್ಲಿ ಈ ಹೋಲಿಕೆಗೆ ಮೋಸಹೋಗಿ ಹೃದಯದ ಮೇಲೆ, ಅದರ ಕವಾಟಗಳ ಮೇಲೆ ಎರಗುತ್ತವೆ. ಪ್ರತಿಕಾಯಗಳು ಸಿದ್ಧವಾಗಲು ಬೇಕಾಗುವ ಕಾಲವೇ ಆ ನಡುವಣ ಎರಡು ಮೂರು ವಾರ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯರ ಹಳೆಯ ಮಾತು. ಕೀಲಿನ ಊತ ಗುರುತಿಲ್ಲದೆ ಮಾಯುತ್ತದೆ. ಕವಾಟದ ಗಾಯ ಕಲೆಗಟ್ಟಿ ಬಿಗಿಯುತ್ತದೆ.

ಪ್ರತಿ ಹೊಸ ಗಂಟಲುಬೇನೆಯೂ ಹಳೆಯ ಗಾಯವನ್ನು ಆಳಗೊಳಿಸಬಲ್ಲುದು. ಆದುದರಿಂದಲೇ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಸೂಜಿ. ಅದು ಬಂದ ರೋಗಕ್ಕೆ ಮದ್ದಲ್ಲ, ಬರಬಹುದಾದುದಕ್ಕೆ ಕಾವಲು. ಕವಾಟಕ್ಕೆ ಪೆಟ್ಟಾಗಿದ್ದರೆ ಈ ಕಾವಲು ಕನಿಷ್ಠ 10 ವರ್ಷ, ಎಷ್ಟೋ ವೇಳೆ 40ರ ವಯಸ್ಸಿನವರೆಗೂ ಬೇಕು.

ಇದನ್ನು ನಾವು ಅರಿಯಲಿಲ್ಲ. ಒಂದು ವರ್ಷ ತಂಗಿಯನ್ನು ಬಸ್ಸಿನಲ್ಲಿ ಮೂಡಿಗೆರೆಗೆ ಕರೆದೊಯ್ದು ಸೂಜಿ ಹಾಕಿಸಿದೆವು. ಜ್ವರವೇ ಇಲ್ಲದ ಮೇಲೆ ಹುಡುಗಿಗೆ ನೋವೇಕೆ ಎಂದು ಮನೆಯಲ್ಲಿ ನಿಲ್ಲಿಸಿದರು. ಅವಳು ಬೆಳೆದಳು, ಮದುವೆಯಾದಳು. ಬಸುರಿನಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ; ಕಿರಿದಾದ ಕವಾಟ ಅದನ್ನು ತಾಳಲಾರದು. 1988ರಲ್ಲಿ, ಚೊಚ್ಚಲ ಬಸುರಿನ ಏಳನೆಯ ತಿಂಗಳಲ್ಲಿ, ಅವಳು ಉಸಿರಾಡಲಾರದೆ ತೀರಿಕೊಂಡಳು.

ಇಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗಳಲ್ಲಿ ಬಿಗಿದ ಕವಾಟವನ್ನು ಬಲೂನಿನಿಂದ ಬಿಡಿಸುತ್ತಾರೆ. ಈ ರೋಗದ ನಿವಾರಣೆಗಾಗಿ 2018ರಲ್ಲಿ ವಿಶ್ವ ಆರೋಗ್ಯ ಸಭೆ ನಿರ್ಣಯವನ್ನೂ ಕೈಗೊಂಡಿತು. ಆದರೂ ಮೊದಲ ಕಾವಲು ಮನೆಯಲ್ಲೇ ಇದೆ. ಮಗು ಗಂಟಲುನೋವೆಂದರೆ ವೈದ್ಯರಿಗೆ ತೋರಿಸಿ. ಕೀಲಿನಿಂದ ಕೀಲಿಗೆ ನೋವು ಹಾರಿದರೆ ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ವೈದ್ಯರು ಸಾಕೆನ್ನುವವರೆಗೆ ಸೂಜಿಯನ್ನು ನಿಲ್ಲಿಸಬೇಡಿ. ಒಬ್ಬ ಅಣ್ಣನ ಈ ಬಿನ್ನಹ ಒಂದು ಮನೆಯನ್ನಾದರೂ ಮುಟ್ಟಿದರೆ ಸಾಕು.