ಹತ್ತು ವಿಕೆಟ್ ಪಡೆದದ್ದು ಬೆರಳೋ, ಮಣ್ಣೋ?

ಟೆಸ್ಟ್ ಕ್ರಿಕೆಟ್ ಶುರುವಾದದ್ದು 1877ರಲ್ಲಿ. ಅಂದಿನಿಂದ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು ಒಬ್ಬನೇ ಬೌಲರ್ ಕಬಳಿಸಿದ್ದು ಮೂರೇ ಸಲ. 1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್, 1999ರಲ್ಲಿ ದೆಹಲಿಯಲ್ಲಿ ಬೆಂಗಳೂರಿನ ಅನಿಲ್ ಕುಂಬ್ಳೆ, 2021ರಲ್ಲಿ ಮುಂಬೈಯಲ್ಲಿ ನ್ಯೂಜಿಲೆಂಡಿನ ಅಜಾಜ್ ಪಟೇಲ್. ಮೂವರೂ ಸ್ಪಿನ್ನರುಗಳು.

ಇವರಲ್ಲಿ ಮೂರನೆಯವರ ಕಥೆ ವಿಚಿತ್ರವಾದದ್ದು. ಪಟೇಲ್ ಹುಟ್ಟಿದ್ದು ಮುಂಬೈಯಲ್ಲೇ. ಎಂಟು ವರ್ಷದ ಹುಡುಗನಿದ್ದಾಗ ಮನೆಯವರೊಂದಿಗೆ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದವರು. ಹುಟ್ಟೂರಿನ ವಾಂಖೆಡೆ ಕ್ರೀಡಾಂಗಣದಲ್ಲಿ 119 ರನ್ನಿಗೆ ಹತ್ತು ವಿಕೆಟ್ ಪಡೆದರು. ತಿಂಗಳು ತುಂಬುವ ಮೊದಲೇ ಬಾಂಗ್ಲಾದೇಶದ ವಿರುದ್ಧದ ಸರಣಿಗೆ ನ್ಯೂಜಿಲೆಂಡ್ ತಂಡ ಪ್ರಕಟವಾಯಿತು. ಅದರಲ್ಲಿ ಪಟೇಲರ ಹೆಸರೇ ಇರಲಿಲ್ಲ. ಕಾರಣ, ತವರಿನ ಪಿಚ್‌ಗಳ ಮೇಲಿನ ಹುಲ್ಲು. 2024ರ ನವೆಂಬರಿನಲ್ಲಿ ಅದೇ ವಾಂಖೆಡೆಯಲ್ಲಿ ಮತ್ತೆ 11 ವಿಕೆಟ್ ಪಡೆದು, ಭಾರತವನ್ನು ಅದರ ನೆಲದಲ್ಲೇ 3-0ರಿಂದ ಸೋಲಿಸಲು ನೆರವಾದರಲ್ಲ, ಆಗಲೂ ನ್ಯೂಜಿಲೆಂಡಿನ ನೆಲದಲ್ಲಿ ಅವರ ಟೆಸ್ಟ್ ವಿಕೆಟ್‌ಗಳ ಲೆಕ್ಕ ಸೊನ್ನೆ.

ಆಯ್ಕೆಗಾರರನ್ನು ಬೈಯುವುದು ಸುಲಭ. ಆದರೆ ಸ್ಪಿನ್ನರ್ ಚೆಂಡನ್ನು ಎಷ್ಟೇ ತಿರುಚಿ ಬಿಟ್ಟರೂ ನೆಲ ಮುಟ್ಟಿದಾಗ ಮಣ್ಣು ಅದನ್ನು ಹಿಡಿಯಬೇಕು. ಹಿಡಿತ ಸಿಗದಿದ್ದರೆ ಕೆಸರಿನಲ್ಲಿ ಸಿಕ್ಕ ಗಾಡಿಯ ಚಕ್ರದಂತೆ ಸುತ್ತಿದ್ದೆಲ್ಲ ವ್ಯರ್ಥ. ಹಸಿ ಹುಲ್ಲಿನ ಮೇಲೆ ಚೆಂಡು ಜಾರಿಕೊಂಡು ಹೋಗುತ್ತದೆ. ಒಣಗಿ ಪುಡಿಯೇಳುವ ನೆಲ, ವೇಗದ ಬೌಲರುಗಳ ಬೂಟು ಕಿತ್ತುಹಾಕಿದ ಜಾಗ, ಇವು ಸ್ಪಿನ್ನರಿಗೆ ಪ್ರಿಯ. ಮಣ್ಣಿನಲ್ಲೂ ಭೇದವುಂಟು. ವಾಂಖೆಡೆಯ ಕೆಂಪು ಮಣ್ಣು ತಿರುವಿನ ಜತೆಗೆ ಪುಟಿತವನ್ನೂ ಕೊಡುತ್ತದೆ. ಕಪ್ಪು ಮಣ್ಣಿನ ಪಿಚ್ಚಿನಲ್ಲಿ ಚೆಂಡು ಸಾಮಾನ್ಯವಾಗಿ ತಗ್ಗಿ, ನಿಧಾನವಾಗಿ ಬರುತ್ತದೆ.

ಚೆಂಡು ಕೂಡ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ ಬಳಸುವ ಎಸ್‌ಜಿ ಚೆಂಡಿನ ಹೊಲಿಗೆ ಉಬ್ಬಿ ನಿಂತಿರುತ್ತದೆ. ಆಸ್ಟ್ರೇಲಿಯಾದ ಕೂಕಬುರಾ ಚೆಂಡಿನ ಹೊಲಿಗೆ ಬೇಗ ಚಪ್ಪಟೆಯಾಗುತ್ತದೆ. ಹೊಲಿಗೆಗೆ ಬೆರಳು ಕೊಟ್ಟು ತಿರುಗಿಸುವ ಆಫ್ ಸ್ಪಿನ್ನರನಿಗೆ ಇದು ದೊಡ್ಡ ತೊಡಕು. ಮಣಿಕಟ್ಟಿನಿಂದ ತಿರುಗಿಸುವ ಲೆಗ್ ಸ್ಪಿನ್ನರನಿಗೆ ಅಷ್ಟಾಗಿ ಅಲ್ಲ, ಗಟ್ಟಿ ನೆಲದ ಪುಟಿತ ಅವನಿಗೆ ಲಾಭವೇ.

ಇಷ್ಟಕ್ಕೇ ನಿಲ್ಲಿಸಿದರೆ ಕುಂಬ್ಳೆಯವರ ಲೆಕ್ಕ ಬಗೆಹರಿಯುವುದಿಲ್ಲ. ಲೆಗ್ ಸ್ಪಿನ್ನರಾದರೂ ಚೆಂಡು ತಿರುಗಿಸುವುದೇ ಇಲ್ಲ ಎಂಬ ಟೀಕೆಯನ್ನು ಉದ್ದಕ್ಕೂ ಕೇಳಿಸಿಕೊಂಡವರು ಅವರು. ಅವರ ಬಂಡವಾಳ ವೇಗ, ಎತ್ತರ ಮತ್ತು ನಿಖರತೆ. ಪಂದ್ಯಕ್ಕೆ ತಿಂಗಳು ಮುಂಚೆ ಪ್ರತಿಭಟನಕಾರರು ಅಗೆದುಹಾಕಿ, ಬಳಿಕ ದುರಸ್ತಿ ಕಂಡಿದ್ದ ದೆಹಲಿಯ ಕೋಟ್ಲಾ ಪಿಚ್ಚಿನಲ್ಲಿ ಅಂಥ ಬೌಲರಿಗೆ ಹೆಚ್ಚು ತಿರುವು ಬೇಕಿರಲಿಲ್ಲ. 420 ರನ್ ಬೆನ್ನಟ್ಟಿದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿತ್ತು. ಊಟದ ನಂತರ ಕುಂಬ್ಳೆ ಇನ್ನೊಂದು ತುದಿಯಿಂದ ಬೌಲ್ ಮಾಡತೊಡಗಿದರು. ಪಾಕಿಸ್ತಾನ 207ಕ್ಕೆ ಮುಗಿಯಿತು. ಕುಂಬ್ಳೆಗೆ 74 ರನ್ನಿಗೆ ಹತ್ತು. ಕೊನೆಯ ವಿಕೆಟ್ ಗೆಳೆಯನಿಗೇ ಸಿಗಲೆಂದು ಜಾವಗಲ್ ಶ್ರೀನಾಥ್ ಬೇಕೆಂದೇ ವಿಕೆಟ್ಟಿನಿಂದ ದೂರ ಎಸೆದದ್ದನ್ನು ಕನ್ನಡಿಗರು ಮರೆತಿಲ್ಲ.

ವಿದೇಶದಲ್ಲಿ ಇದೇ ಕುಂಬ್ಳೆ ಬೇರೆ ಮನುಷ್ಯ. 619 ವಿಕೆಟ್‌ಗಳಲ್ಲಿ 350 ಭಾರತದಲ್ಲಿ, ಸರಾಸರಿ 24.88, ಹೊರಗೆ ಸರಾಸರಿ 35ರ ಮೇಲೆ. 1999-2000ರ ಆಸ್ಟ್ರೇಲಿಯಾ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ದಕ್ಕಿದ್ದು ಐದೇ ವಿಕೆಟ್. ಅಲ್ಲಿಗೇ ಬಿಟ್ಟಿದ್ದರೆ ‘ತವರಿನ ಹುಲಿ’ ಎಂಬ ಹಣೆಪಟ್ಟಿ ಉಳಿದುಬಿಡುತ್ತಿತ್ತು. ಆದರೆ 2003-04ರಲ್ಲಿ ಅದೇ ಆಸ್ಟ್ರೇಲಿಯಾದಲ್ಲಿ, ಮತ್ತೆ ಮೂರೇ ಟೆಸ್ಟ್‌ಗಳಲ್ಲಿ 24 ವಿಕೆಟ್ ಪಡೆದರು. ಕೂಕಬುರಾ ಚೆಂಡು ಬದಲಾಗಿರಲಿಲ್ಲ. ಕುಂಬ್ಳೆ ವೇಗ ತಗ್ಗಿಸಿ ಗೂಗ್ಲಿಯನ್ನು ಪಳಗಿಸಿಕೊಂಡಿದ್ದರು. ಇನ್ನೊಂದು ಸಂಗತಿಯೂ ಇದೆ. ಸಿಡ್ನಿಯಲ್ಲಿ ಅವರು 141 ರನ್ನಿಗೆ ಎಂಟು ವಿಕೆಟ್ ಪಡೆಯುವ ಮೊದಲು ಭಾರತ 705 ರನ್ ಪೇರಿಸಿತ್ತು. ಬೆನ್ನ ಹಿಂದೆ ಅಷ್ಟು ರನ್ನಿದ್ದರೆ ಸ್ಪಿನ್ನರ್ ಧೈರ್ಯವಾಗಿ ದಾಂಡಿಗನ ಸುತ್ತ ಕ್ಷೇತ್ರರಕ್ಷಕರನ್ನು ನಿಲ್ಲಿಸಬಲ್ಲ. ಸ್ಕೋರ್ ಫಲಕವೂ ಪಿಚ್ಚಿನಷ್ಟೇ ಮುಖ್ಯ.

ಶೇನ್ ವಾರ್ನ್ ದೊಡ್ಡವರೋ, ಮುತ್ತಯ್ಯ ಮುರಳೀಧರನ್ ದೊಡ್ಡವರೋ ಎಂಬ ಜಗಳ ಇನ್ನೂ ಆರಿಲ್ಲ. ಮುರಳಿಗೆ 800 ವಿಕೆಟ್, ವಾರ್ನ್‌ಗೆ 708. ಮುರಳಿ ಆಸ್ಟ್ರೇಲಿಯಾದ ಗಟ್ಟಿ ನೆಲದಲ್ಲಿ ಐದು ಟೆಸ್ಟ್ ಆಡಿ ಪಡೆದದ್ದು 12 ವಿಕೆಟ್, ಒಂದೊಂದಕ್ಕೂ 75 ರನ್ ತೆತ್ತು. ವಾರ್ನ್ ಪಕ್ಷದವರು ಎತ್ತಿ ತೋರಿಸುವುದು ಇದನ್ನೇ. ಆದರೆ ಸ್ಪಿನ್ನರುಗಳ ಸ್ವರ್ಗವೆನ್ನುವ ಭಾರತದಲ್ಲಿ ವಾರ್ನ್ ಗತಿಯೇನು? ಒಂಬತ್ತು ಟೆಸ್ಟ್, 34 ವಿಕೆಟ್, ಸರಾಸರಿ 43.11. ಮುರಳಿಯದು ಇನ್ನೂ ಕಡೆ, 45.45. ಭಾರತದಂತೆಯೇ ತಿರುವು ಇರುವ ಶ್ರೀಲಂಕಾದಲ್ಲಿ ಇದೇ ವಾರ್ನ್ ಒಂದೊಂದು ವಿಕೆಟ್ಟಿಗೆ ಕೊಟ್ಟದ್ದು 20 ರನ್ ಮಾತ್ರ.

ಪಿಚ್ಚಿನ ಲೆಕ್ಕ ಕೈಕೊಡುವುದು ಇಲ್ಲಿಯೇ. ಸ್ಪಿನ್ನರಿಗೆ ಒಲಿಯುವ ಮಣ್ಣು ಸ್ಪಿನ್ ಆಡಬಲ್ಲ ದಾಂಡಿಗನನ್ನೂ ಬೆಳೆಸುತ್ತದೆ. 1998ರಲ್ಲಿ ವಾರ್ನ್ ಬರುವ ಮೊದಲು ಸಚಿನ್ ತೆಂಡೂಲ್ಕರ್ ಲೆಗ್ ಸ್ಟಂಪಿನ ಹೊರಗೆ ಪಿಚ್ಚನ್ನು ಕೆರೆಸಿ, ಲಕ್ಷ್ಮಣ್ ಶಿವರಾಮಕೃಷ್ಣನ್ ಅವರಿಂದ ಅಲ್ಲಿಗೇ ಬೌಲ್ ಮಾಡಿಸಿಕೊಂಡು ಅಭ್ಯಾಸ ನಡೆಸಿದರು. ಚೆನ್ನೈ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ವಾರ್ನ್‌ಗೇ ಬಲಿಯಾದದ್ದು ನಾಲ್ಕು ರನ್ನಿಗೆ. ಎರಡನೆಯದರಲ್ಲಿ ಔಟಾಗದೆ 155. ವಾರ್ನ್ ಭುಜ ಆ ಪ್ರವಾಸದಲ್ಲಿ ನೋಯುತ್ತಿತ್ತು, ಮುಂದೆ ಶಸ್ತ್ರಚಿಕಿತ್ಸೆಯೂ ಆಯಿತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು.

ನೆಲ ಒಲಿಯದ ಕಡೆ ಗಾಳಿಯನ್ನೇ ನಂಬಿದವರೂ ಇದ್ದಾರೆ. ಬೆಂಗಳೂರಿನ ಎರಪಳ್ಳಿ ಪ್ರಸನ್ನ 1967-68ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಭಾರತ ನಾಲ್ಕೂ ಟೆಸ್ಟ್ ಸೋತಿತು; ಆಫ್ ಸ್ಪಿನ್ನರಿಗೆ ಒಗ್ಗದ ಆ ನೆಲದಲ್ಲಿ ಪ್ರಸನ್ನ ಪಡೆದದ್ದು 25 ವಿಕೆಟ್. ಅಲ್ಲಿಂದ ನ್ಯೂಜಿಲೆಂಡಿಗೆ ಹೋಗಿ ಇನ್ನೂ 24 ಗಳಿಸಿದರು. ವಿದೇಶದಲ್ಲಿ ಭಾರತದ ಮೊದಲ ಸರಣಿ ಜಯ ಅದು. ಪ್ರಸನ್ನರ ಚೆಂಡು ಮೇಲೆದ್ದು, ದಾಂಡಿಗ ಮುಂದೆ ಕಾಲಿಟ್ಟ ಮೇಲೆ ತಟ್ಟನೆ ಇಳಿಯುತ್ತಿತ್ತು. ಪುಟಿಯುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ಇನ್ನು ಲೇಕರ್. 1956ರ ಓಲ್ಡ್ ಟ್ರಾಫರ್ಡ್ ಟೆಸ್ಟಿನಲ್ಲಿ ಅವರು 90 ರನ್ನಿಗೆ 19 ವಿಕೆಟ್ ಪಡೆದಾಗ, ಪಿಚ್ಚೇ ಹಾಗಿತ್ತು ಎಂದು ಆಸ್ಟ್ರೇಲಿಯನ್ನರು ದೂರಿದರು. ದೂಳೇಳುವ ಪಿಚ್, ಮೇಲೆ ಮಳೆ. ಆಗೆಲ್ಲ ಪಿಚ್ಚಿಗೆ ಪೂರ್ತಿ ಹೊದಿಕೆ ಹಾಸುವ ಪದ್ಧತಿ ಇರಲಿಲ್ಲ. ದೂರಿನಲ್ಲಿ ಹುರುಳಿತ್ತು. ಆದರೆ ಅದೇ ಪಿಚ್ಚಿನಲ್ಲಿ ಟೋನಿ ಲಾಕ್ ಎಂಬ ಎಡಗೈ ಸ್ಪಿನ್ನರ್ ಕೂಡ ಇಂಗ್ಲೆಂಡಿಗೆ ಬೌಲ್ ಮಾಡಿದರು. ಲೇಕರ್ ಎಸೆದದ್ದು 68 ಓವರ್, ಲಾಕ್ 69. ಲಾಕ್‌ಗೆ ಸಿಕ್ಕಿದ್ದು ಒಂದು ವಿಕೆಟ್. ಲಾಕ್ ಸಾಮಾನ್ಯರೇನಲ್ಲ. ಅದೇ ಜುಲೈ ತಿಂಗಳಲ್ಲಿ ಸರ್ರೆ ಪರವಾಗಿ ಕೆಂಟ್ ವಿರುದ್ಧ ಆಡುತ್ತ, ಇನಿಂಗ್ಸಿನ ಹತ್ತೂ ವಿಕೆಟ್ ಪಡೆದಿದ್ದರು.