ಕಟ್ಟಡದೊಳಗೆ ಕಾಲಿಟ್ಟರೆ ನೆಟ್‌ವರ್ಕ್ ಮಾಯ! ತಪ್ಪು ಫೋನಿನದ್ದಲ್ಲ, ಹಾಗಾದರೆ ಯಾರದ್ದು?

ಆಸ್ಪತ್ರೆಯ ಬೇಸ್‌ಮೆಂಟ್‌ನಲ್ಲಿರುವ ಮೆಡಿಕಲ್ ಸ್ಟೋರ್. ಔಷಧದ ಬಿಲ್ ಕೈಗೆ ಬಂದಿದೆ. ಯುಪಿಐ ಆ್ಯಪ್ ತೆರೆದರೆ ಚಕ್ರ ಸುತ್ತುತ್ತಲೇ ಇದೆ. ಮೆಟ್ಟಿಲು ಹತ್ತಿ ರಸ್ತೆಗೆ ಬಂದರೆ ಅದೇ ಫೋನ್‌ನಲ್ಲಿ ಸಿಗ್ನಲ್ ಫುಲ್! ಮುಂಬೈ, ಪುಣೆ, ಹೈದರಾಬಾದ್, ದೆಹಲಿಯಂತಹ ನಗರಗಳಲ್ಲಿ ಇಂತಹ ಅನುಭವ ಆಗದವರು ಕಡಿಮೆ. ನಾವು ಬೈಯುವುದು ಫೋನ್ ಅಥವಾ ಸಿಮ್ ಕಂಪನಿಯನ್ನು. ಆದರೆ ಬಹಳಷ್ಟು ಬಾರಿ ಸಮಸ್ಯೆಯ ಮೂಲ ಕಟ್ಟಡದಲ್ಲೇ ಇರುತ್ತದೆ.

ಸಿಗ್ನಲ್ ಒಳಗೆ ಬರುವುದಿಲ್ಲ ಏಕೆ?

ಟವರ್‌ನಿಂದ ಬರುವ ರೇಡಿಯೊ ತರಂಗಗಳು ಕಾಂಕ್ರೀಟ್, ಕಬ್ಬಿಣ ದಾಟುವಾಗ ದುರ್ಬಲವಾಗುತ್ತವೆ. ಕಚೇರಿ ಕಟ್ಟಡಗಳಿಗೆ ಎಸಿ ಖರ್ಚು ಉಳಿಸಲು ಹಾಕುವ ಲೋಹಲೇಪಿತ ಗಾಜು ಬಿಸಿಲಿನ ಜತೆಗೆ ಮೊಬೈಲ್ ತರಂಗಗಳನ್ನೂ ಹೊರಗೇ ತಡೆಯುತ್ತದೆ. 20 ಡೆಸಿಬಲ್ ನಷ್ಟವಾದರೆ ಒಳಗೆ ತಲುಪುವುದು ನೂರರಲ್ಲಿ ಒಂದು ಪಾಲು ಶಕ್ತಿ ಮಾತ್ರ. 30 ಡೆಸಿಬಲ್ ಆದರೆ ಸಾವಿರದಲ್ಲಿ ಒಂದು ಪಾಲು.

ಆವರ್ತನ ಹೆಚ್ಚಿದಷ್ಟೂ ಗೋಡೆ ದಾಟುವುದು ಕಷ್ಟ. ನಮ್ಮ ದೇಶದಲ್ಲಿ 5ಜಿಗೆ ಹೆಚ್ಚಾಗಿ ಬಳಕೆಯಾಗುವ 3.5 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳು 900 ಮೆಗಾಹರ್ಟ್ಸ್‌ನ ತರಂಗಗಳಷ್ಟು ಸುಲಭವಾಗಿ ಒಳಗೆ ಬರುವುದಿಲ್ಲ. ಸಿಗ್ನಲ್ ಕ್ಷೀಣವಾದಾಗ ಫೋನ್ ತನ್ನ ಪ್ರಸಾರ ಶಕ್ತಿ ಹೆಚ್ಚಿಸಿಕೊಳ್ಳುತ್ತದೆ. ಬ್ಯಾಟರಿ ಬೇಗ ಖಾಲಿಯಾಗಲು ಇದೂ ಒಂದು ಕಾರಣ.

ಏನಿದು ಡಿಎಎಸ್?

ಮಾಲ್ ಅಥವಾ ವಿಮಾನ ನಿಲ್ದಾಣದಲ್ಲಿ ತಲೆ ಎತ್ತಿ ನೋಡಿ. ಸೀಲಿಂಗ್‌ನಲ್ಲಿ ಬೋರಲು ಹಾಕಿದ ಬಟ್ಟಲಿನಂತಹ ಬಿಳಿ ವಸ್ತು ಕಾಣಬಹುದು. ಅದು ಆಂಟೆನಾ. ಇಂತಹ ಹತ್ತಾರು, ನೂರಾರು ಆಂಟೆನಾಗಳ ಜಾಲವೇ 'ಡಿಸ್ಟ್ರಿಬ್ಯೂಟೆಡ್ ಆಂಟೆನಾ ಸಿಸ್ಟಮ್', ಅಂದರೆ ಡಿಎಎಸ್.

ಮನೆಯ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್‌ನ ನೀರು ಪೈಪ್‌ಗಳ ಮೂಲಕ ಪ್ರತಿ ಮಹಡಿಯ ನಲ್ಲಿಗೆ ಬರುತ್ತದೆ. ಇಲ್ಲೂ ಹಾಗೆಯೇ. ಟೆಲಿಕಾಂ ಕೊಠಡಿಯಲ್ಲಿ ಮೊಬೈಲ್ ಕಂಪನಿಗಳ ಉಪಕರಣ ಇರುತ್ತದೆ. ಅಲ್ಲಿಂದ ಕೇಬಲ್‌ಗಳು ಸಿಗ್ನಲ್ ಅನ್ನು ಪ್ರತಿ ಮಹಡಿಯ ಆಂಟೆನಾಗಳಿಗೆ ಹಂಚುತ್ತವೆ. ತಾಮ್ರದ ಕೇಬಲ್ ಉದ್ದವಾದಷ್ಟೂ ಸಿಗ್ನಲ್ ನಷ್ಟವಾಗುತ್ತದೆ. ಹೀಗಾಗಿ ದೊಡ್ಡ ಕಟ್ಟಡಗಳಲ್ಲಿ ಮಹಡಿಗಳವರೆಗೆ ಫೈಬರ್ ಎಳೆದು, ಅಲ್ಲಿ ಅದನ್ನು ಮತ್ತೆ ರೇಡಿಯೊ ತರಂಗವಾಗಿ ಬದಲಿಸುವ ಘಟಕ ಕೂರಿಸುತ್ತಾರೆ.

ಅಳವಡಿಕೆ ಹೇಗೆ ನಡೆಯುತ್ತದೆ?

* ಮೊದಲು ಎಂಜಿನಿಯರ್‌ಗಳು ಕಟ್ಟಡದೊಳಗೆ ನಡೆದಾಡಿ, ಎಲ್ಲೆಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ಅಳೆಯುತ್ತಾರೆ. ಇದೇ 'ವಾಕ್ ಟೆಸ್ಟ್'.

* ನಂತರ ಮಹಡಿಯ ನಕ್ಷೆಯನ್ನು ಕಂಪ್ಯೂಟರ್‌ಗೆ ಹಾಕಿ, ಗೋಡೆ ಯಾವುದರದ್ದು, ಲಿಫ್ಟ್ ಎಲ್ಲಿದೆ ಎಂದು ನೋಡಿ ಆಂಟೆನಾಗಳ ಜಾಗ ಗುರುತಿಸುತ್ತಾರೆ.

* ಎಷ್ಟು ಜನ ಸೇರುತ್ತಾರೆ ಎಂಬ ಲೆಕ್ಕವೂ ಬೇಕು. ಸಭಾಂಗಣದಲ್ಲಿ ಸಿಗ್ನಲ್ ಫುಲ್ ಇದ್ದರೂ ಸಾವಿರಾರು ಜನ ಒಟ್ಟಿಗೆ ಬಳಸಿದರೆ ಇಂಟರ್ನೆಟ್ ನಿಂತೇ ಹೋಗಬಹುದು.

* ಲಿಫ್ಟ್, ತುರ್ತು ಮೆಟ್ಟಿಲು, ಬೇಸ್‌ಮೆಂಟ್ ಪಾರ್ಕಿಂಗ್ ಸಾಮಾನ್ಯವಾಗಿ ಮರೆತುಹೋಗುವ ಜಾಗಗಳು. ಬೆಂಕಿ ಬಿದ್ದಾಗ ಜನ ಓಡುವುದು ಅದೇ ಮೆಟ್ಟಿಲುಗಳಲ್ಲಿ. ಯಾವ ಕಂಪನಿಯ ಸಿಗ್ನಲ್ ಕೂಡ ಇಲ್ಲದಿದ್ದರೆ ಮೊಬೈಲ್ ನೆಟ್‌ವರ್ಕ್‌ನಿಂದ 112ಕ್ಕೂ ಕರೆ ಹೋಗುವುದಿಲ್ಲ.

* ಕೊನೆಗೆ ಮತ್ತೊಮ್ಮೆ ವಾಕ್ ಟೆಸ್ಟ್. ಒಂದು ಸಡಿಲವಾದ ಕನೆಕ್ಟರ್ ಕೂಡ ಇಡೀ ಜಾಲದಲ್ಲಿ ಗದ್ದಲ ಎಬ್ಬಿಸಬಲ್ಲದು.

ಸೀಲಿಂಗ್ ಮುಚ್ಚುವ ಮೊದಲೇ ಈ ಕೆಲಸ ಮುಗಿದರೆ ಖರ್ಚು ಕಡಿಮೆ. ಜನ ವಾಸಕ್ಕೆ ಬಂದ ಮೇಲೆ ಎಲ್ಲವನ್ನೂ ಒಡೆದು ಕೂರಿಸಬೇಕು.

ಹಣ ಕೊಡುವವರು ಯಾರು?

ನಿಜವಾದ ತೊಡಕು ಇಲ್ಲಿದೆ. ನಾಲ್ಕು ಕಂಪನಿಗಳು ನಾಲ್ಕು ಪ್ರತ್ಯೇಕ ಜಾಲ ಹಾಕುವ ಬದಲು ಒಂದೇ ಜಾಲವನ್ನು ಎಲ್ಲರೂ ಹಂಚಿಕೊಳ್ಳುವುದು ಜಾಣತನ. ಆದರೆ ಬಾಡಿಗೆ ಎಷ್ಟು ಎಂಬ ವಿಚಾರದಲ್ಲಿ ಒಪ್ಪಂದ ಆಗದಿದ್ದರೆ ಪೆಟ್ಟು ಬೀಳುವುದು ಬಳಕೆದಾರರಿಗೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಮುಂಬೈನ ಭೂಗತ ಮೆಟ್ರೋ 3ನೇ ಮಾರ್ಗದಲ್ಲಿ ಆಗಿದ್ದು ಇದೇ. ಸಾಮಾನ್ಯ ಜಾಲ ಒದಗಿಸುವ ಸಂಸ್ಥೆ ಮತ್ತು ಮೊಬೈಲ್ ಕಂಪನಿಗಳ ನಡುವೆ ದರದ ಬಗ್ಗೆ ಒಮ್ಮತ ಮೂಡದೆ, ಹೊಚ್ಚ ಹೊಸ ನಿಲ್ದಾಣಗಳಲ್ಲಿ ನೆಟ್‌ವರ್ಕ್ ಇಲ್ಲ ಎಂದು ಪ್ರಯಾಣಿಕರು ದೂರಬೇಕಾಯಿತು.

ಬೂಸ್ಟರ್ ತಂದರೆ ಸಾಲದೇ?

ಬೇಡ. ಪರವಾನಗಿ ಇಲ್ಲದೆ ಸಿಗ್ನಲ್ ಬೂಸ್ಟರ್ ಮಾರುವುದು, ಬಳಸುವುದು ಕಾನೂನುಬಾಹಿರ. ಅದು ಸಿಗ್ನಲ್ ಜತೆ ಗದ್ದಲವನ್ನೂ ದೊಡ್ಡದು ಮಾಡಿ, ಅಕ್ಕಪಕ್ಕದವರ ಕರೆಗಳಿಗೆ ಅಡ್ಡಿಯಾಗುತ್ತದೆ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಫೋನಿನ 'ವೈಫೈ ಕಾಲಿಂಗ್' ಆನ್ ಮಾಡಿಕೊಳ್ಳಿ.

ಮನೆ ಕೊಳ್ಳುವ ಮುನ್ನ ಇದನ್ನು ಕೇಳಿ

ಡಿಜಿಟಲ್ ಸಂಪರ್ಕದ ಗುಣಮಟ್ಟ ನೋಡಿ ಕಟ್ಟಡಗಳಿಗೆ ಸ್ಟಾರ್ ರೇಟಿಂಗ್ ಕೊಡುವ ನಿಯಮಾವಳಿಯನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದೆ. ಆದರೆ ರೇಟಿಂಗ್ ಪಡೆಯುವುದು ಮಾಲೀಕರ ಇಚ್ಛೆಗೆ ಬಿಟ್ಟಿದ್ದು. ಹೀಗಾಗಿ ನಾವೇ ಕೇಳಬೇಕು. ರೇಟಿಂಗ್ ಇದೆಯೇ? ಎಲ್ಲ ಕಂಪನಿಗಳಿಗೂ ಪ್ರವೇಶವಿದೆಯೇ, ಅಥವಾ ಬಿಲ್ಡರ್ ಒಂದೇ ಕಂಪನಿ ಜತೆ ಒಪ್ಪಂದ ಮಾಡಿಕೊಂಡಿದ್ದಾರೆಯೇ?

ಫ್ಲ್ಯಾಟ್ ನೋಡಲು ಹೋದಾಗ ಬಾಲ್ಕನಿಯಲ್ಲಿ ಮಾತ್ರವಲ್ಲ, ಮಲಗುವ ಕೋಣೆ, ಲಿಫ್ಟ್, ಪಾರ್ಕಿಂಗ್‌ನಲ್ಲೂ ಕರೆ ಮಾಡಿ ನೋಡಿ. ಹಲವು ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗಿನ 'ಸಿಮ್ ಸ್ಟೇಟಸ್'ನಲ್ಲಿ ಸಿಗ್ನಲ್ ಪ್ರಮಾಣ ಅಂಕಿಯಲ್ಲೇ ಕಾಣುತ್ತದೆ. 4ಜಿಯಲ್ಲಿ ಮೈನಸ್ 80ರ ಆಸುಪಾಸು ಉತ್ತಮ, ಮೈನಸ್ 110 ದಾಟಿದರೆ ದುರ್ಬಲ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡದೆ ಯಾರೂ ಮನೆ ಕೊಳ್ಳುವುದಿಲ್ಲ. ಇನ್ನು ಮುಂದೆ ಸಿಗ್ನಲ್ ಕೂಡ ಆ ಪಟ್ಟಿಯಲ್ಲಿರಲಿ.