ಅಡುಗೆಮನೆ ನೆಲ: ಬಣ್ಣಕ್ಕಿಂತ ಮೊದಲು ಎತ್ತರ ನೋಡಿ

ಅಡುಗೆಮನೆ ಹೊಸದಾಗಿ ಮಾಡಿಸೋಣ ಅಂದ ತಕ್ಷಣ ಎಲ್ಲರೂ ಕ್ಯಾಬಿನೆಟ್ ಬಣ್ಣದ ಚರ್ಚೆ ಶುರು ಮಾಡ್ತಾರೆ. ನೆಲ ನೆನಪಾಗೋದು ಕೊನೆಗೆ. ಅಮ್ಮನಿಗೆ ಮಂಡಿನೋವು ಇರೋದರಿಂದ ನಮ್ಮ ಬೆಂಗಳೂರಿನ ಫ್ಲಾಟ್‌ನಲ್ಲಿ ನಾನು ನೆಲದಿಂದಲೇ ಶುರು ಮಾಡಿದೆ.

ಮೊದಲು ಎತ್ತರ. ಹಳೇ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿದರೆ ಒಡೆಯುವ ಖರ್ಚು, ಧೂಳು ಎರಡೂ ಉಳಿಯುತ್ತೆ. ಆದರೆ ಟೈಲ್, ಅಂಟು ಸೇರಿ ನೆಲ ಸುಮಾರು ಒಂದು ಸೆಂಟಿಮೀಟರ್ ಏರುತ್ತೆ. ಬಾಗಿಲು ಉಜ್ಜುತ್ತೆ, ಹಾಲ್‌ನಿಂದ ಒಳಗೆ ಕಾಲಿಡುವಾಗ ಆ ಸಣ್ಣ ಏರೇ ವಯಸ್ಸಾದವರಿಗೆ ಎಡವುಗಲ್ಲು. ನಾವು ಹಳೆಯದನ್ನು ತೆಗೆಸಿ, ಹಾಲ್ ಮಟ್ಟಕ್ಕೇ ಕೂರಿಸಿದೆವು.

ಎರಡನೆಯದು ಜಾರಿಕೆ. ಹಾಲ್‌ನ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಒಳಗೂ ಮುಂದುವರಿದರೆ ಮನೆ ದೊಡ್ಡದಾಗಿ ಕಾಣುತ್ತೆ, ನಿಜ. ಆದರೆ ನೀರೋ ಎಣ್ಣೆಯೋ ಚೆಲ್ಲಿದರೆ ಕಷ್ಟ. ಅದೇ ಬಣ್ಣದ ಮ್ಯಾಟ್ ಟೈಲ್ಸ್ ಹಾಕಿದರೆ ಎರಡು ಕೋಣೆಗೂ ಹೊಂದುತ್ತೆ, ಕಾಲೂ ನಿಲ್ಲುತ್ತೆ. ಅಮೃತಶಿಲೆ ಬೇಡ, ನಿಂಬೆ, ಹುಣಸೆಯ ಹುಳಿ ಅದರ ಹೊಳಪನ್ನು ತಿಂದುಬಿಡುತ್ತೆ.

ಆಮೇಲೆ ಕ್ಯಾಬಿನೆಟ್. ಗಾಢ ಮರದ ಬಣ್ಣಕ್ಕೆ ತಿಳಿ ಮರಳು ಬಣ್ಣದ ನೆಲ ಒಪ್ಪುತ್ತೆ, ಬಿಳಿಗೆ ಬೂದು. ಕ್ಯಾಬಿನೆಟ್, ನೆಲ ಎರಡರಲ್ಲೂ ಮರದ ಗೆರೆ ಬಂದರೆ ಕಣ್ಣಿಗೆ ಗೊಂದಲ. ಲ್ಯಾಮಿನೇಟ್ ತುಂಡನ್ನೂ ಸ್ಯಾಂಪಲ್ ಟೈಲನ್ನೂ ಮನೆಗೆ ತಂದು, ಹಾಲ್ ಬಾಗಿಲಲ್ಲಿ ಒಟ್ಟಿಗೆ ಇಟ್ಟು, ಹಗಲಲ್ಲೂ ರಾತ್ರಿ ದೀಪದಲ್ಲೂ ನೋಡಿ. ಅಂಗಡಿಯ ಬೆಳಕು ನಂಬಬೇಡಿ.

ಕೊನೇ ಮಾತು: ಕ್ಯಾಬಿನೆಟ್‌ಗೆ ಅಂತಿಮ ಅಳತೆ ಕೊಡೋದು ನೆಲ ಮುಗಿದ ಮೇಲೆಯೇ ಇರಲಿ.